ಗೌರಿಯ ಎದುರು ನಿಲ್ಲುವ ಸರತಿ

ಹೊಸ ಹಗ್ಗದ ವಾಸನೆ ನಿಮಗೂ ಗೊತ್ತಿರಬೇಕು. ನಾಗರ ಪಂಚಮಿ ಹತ್ತಿರ ಬಂದಾಗ ಬೈಲಹೊಂಗಲದ ಪೇಟೆಗೆ ಹೋದರೆ ಅರ್ಧ ಓಣಿಗೆ ಆ ವಾಸನೆ, ಉಳಿದರ್ಧಕ್ಕೆ ಹುರಿದ ಶೇಂಗಾದ್ದು. ಮೊನ್ನೆ ನಾನು ಅಂಗಡಿಯಲ್ಲಿ ಹಗ್ಗವನ್ನು ಮೂಗಿಗೆ ಹಿಡಿದು ನಿಂತಿದ್ದೆ. ಅಂಗಡಿಯವರು ಕೇಳಿದರು:

"ಜೋಕಾಲಿಗೇನ್ರಿ ಅಕ್ಕಾರ?"

"ಹೌದ್ರಿ. ಗಟ್ಟಿ ಇರಬೇಕ ನೋಡ್ರಿ. ಸಣ್ಣ ಹುಡುಗ್ರು ಆಡೂದಲ್ಲ."

"ಮತ್ಯಾರ ಆಡತಾರ್ರಿ?"

"ನಾನು, ನನ್ನ ಮಗಳು."

ಅವರು ನನ್ನ ಬಿಳಿಕೂದಲನ್ನೊಮ್ಮೆ, ನನ್ನ ಗಾತ್ರವನ್ನೊಮ್ಮೆ ನೋಡಿ, ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಇನ್ನೂ ದಪ್ಪದ್ದನ್ನು ತಂದರು. ಬೇಜಾರೇನೂ ಆಗಲಿಲ್ಲ. ವ್ಯಾಪಾರ ಬಲ್ಲವರು ಹಾಗೇ ಇರಬೇಕು.

ನನ್ನ ಮಗಳು ಗೌರಿಗೆ ಆಟಿಸಂ. ಮಾತು ಕಡಿಮೆ, ಇಲ್ಲವೆಂದರೂ ಸರಿ. ಚಿಕ್ಕವಳಿದ್ದಾಗ ಕರೆದರೂ ತಿರುಗುತ್ತಿರಲಿಲ್ಲವೆಂದು ಕಿವುಡೇನೋ ಅಂತ ಹೆದರಿ ಬೆಳಗಾವಿಗೆ ಕರೆದುಕೊಂಡು ಹೋಗಿದ್ದೆವು. ಡಾಕ್ಟರು, "ಕಿವುಡಲ್ಲ, ಇವಳಿಗೆ ನಮಗಿಂತ ಹೆಚ್ಚೇ ಕೇಳಿಸುತ್ತೆ, ಅದೇ ತೊಂದರೆ" ಅಂದರು. ತಲೆಯಾಡಿಸಿ ಬಂದೆ. ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ, ಅದೂ ನೆಲದ ಮೇಲೆ ನಿಂತಿದ್ದಾಗಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಆಟ ಅನ್ನುವುದು ಗೌರಿಗೆ ಒಗ್ಗಲೇ ಇಲ್ಲ. ಶಾಲೆಯಲ್ಲಿ ಖೊಖೊಗೆ ಕೂರಿಸಿದರು. ಬೆನ್ನು ಮುಟ್ಟಿ "ಖೋ" ಅಂದರೆ ಏಳಬೇಕಲ್ಲ, ಇವಳಿಗೆ ಮುಟ್ಟಿದರೂ ಆಗದು, ಒದರಿದರೂ ಆಗದು. ಎರಡನ್ನೂ ಒಟ್ಟಿಗೇ ಮಾಡುವ ಆಟವನ್ನು ಹುಡುಕಿ ಕೊಟ್ಟಿದ್ದರು, ಪುಣ್ಯಾತ್ಮರು. ಕೊನೆಗೆ ಆಡುವವರ ಚಪ್ಪಲಿ ಕಾಯಲು ಕೂರಿಸಿದರು. ಅದನ್ನು ಕೇಳಿದ ದಿನ ನಾನು ಶಾಲೆಯವರ ಜೊತೆ ಜಗಳ ತೆಗೆದದ್ದನ್ನು ಓಣಿಯವರು ಈಗಲೂ ನೆನೆಸುತ್ತಾರೆ.

ಅವಳಿಗೆ ಸೇರಿದ್ದು ಒಂದೇ, ಜೋಕಾಲಿ. ಸಂಪಗಾಂವದ ನನ್ನ ತವರಿನಲ್ಲಿ ಪಂಚಮಿಗೆ ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಗೌರಿಯನ್ನು ಕೂರಿಸಿ ನಾನು ಹಿಂದಿನಿಂದ ತೂಗುತ್ತಿದ್ದೆ. ತೋಳು ಬಿದ್ದು ಹೋಗುವವರೆಗೆ ತೂಗಿದರೂ ಅವಳಿಗೆ ಸಾಲದು. ಆದರೆ ನಮ್ಮ ಕಡೆ ಬೆಳೆದ ಹುಡುಗಿಯರು ಕೂತು ಆಡುವುದಿಲ್ಲ. ಹಲಗೆಯ ಮೇಲೆ ಇಬ್ಬರು ಎದುರುಬದುರು ನಿಂತು, ಒಬ್ಬಳಾದ ಮೇಲೆ ಒಬ್ಬಳು ಮೊಣಕಾಲು ಬಗ್ಗಿಸಿ ಜೀಕುತ್ತ, ಮೇಲಿನ ಎಲೆಗೆ ತಲೆ ತಾಗುವವರೆಗೂ ಹೋಗುತ್ತಾರೆ. ಗೌರಿಗೂ ವಯಸ್ಸು ಬಂತು. ಒಂದು ಪಂಚಮಿಗೆ ಕೂರುವುದಿಲ್ಲವೆಂದು ಹಲಗೆಯ ಮೇಲೆ ನಿಂತೇಬಿಟ್ಟಳು. ಎದುರಿಗೆ ಜೋಡಿ ಬೇಕು. ನಮ್ಮಣ್ಣನ ಮಗಳು ಸವಿತಾ ಹತ್ತಿದಳು.

ಗೌರಿ ಜೀಕುವುದನ್ನು ನೀವು ನೋಡಬೇಕಿತ್ತು. ತಾಯಿ ಅಂತ ಹೇಳುತ್ತಿಲ್ಲ, ತಾಯಿ ಅಂತಲೂ ಹೇಳುತ್ತೇನೆ, ಅಷ್ಟು ಚಂದ ಜೀಕುವವರನ್ನು ನಾನು ಕಂಡಿಲ್ಲ. ಜೋಕಾಲಿ ಏರಿತು, ಇನ್ನೂ ಏರಿತು. ಸವಿತಾ ಹೆದರಿ "ಸಾಕು, ಸಾಕು" ಅಂತ ಒದರಿದಳು. ನಮ್ಮ ಜನ ನಿಮಗೆ ಗೊತ್ತಲ್ಲ. ಊಟಕ್ಕೆ ಕರೆಯುವುದನ್ನೂ ಜಗಳದ ದನಿಯಲ್ಲೇ ಮಾಡುವವರು. ಹಿತ್ತಲಲ್ಲಿದ್ದ ಹೆಂಗಸರೆಲ್ಲ ಸೇರಿ, ನಾನೂ ಸೇರಿ, "ಗೌರಿ, ನಿಂದರಸ" ಅಂತ ಬಾಯಿ ಮಾಡಿದೆವು. ನಾವು ಒದರಿದಷ್ಟೂ ಅವಳು ಜೀಕಿದಳು. ನಾವು ಒದರಿ ಸುಸ್ತಾದ ಮೇಲೇ ಜೋಕಾಲಿ ನಿಂತದ್ದು. ಸವಿತಾ ಅಳುತ್ತ ಇಳಿದಾಗ ಅಂಗೈ ಕೆಂಪಾಗಿತ್ತು.

ಅಣ್ಣನ ಹೆಂಡತಿ, ನಮ್ಮ ವೈನಿ, ಮಗಳ ಕೈ ನೋಡಿ ತೀರ್ಮಾನ ಕೊಟ್ಟರು. "ಇನ್ನ ಗೌರಿನ್ನ ನಿಂದರಸಬ್ಯಾಡ್ರಿ. ಆಕಿ ಜೋಡಿ ಯಾರ ನಿಂದ್ರತಾರವಾ? ಕುಂಡ್ರಿಸಿ ತೂಗ್ರಿ, ಸಾಕು."

ಗೌರಿ ಹಲಗೆ ಬಿಟ್ಟು ಇಳಿಯಲಿಲ್ಲ. ಎದುರಿನ ಖಾಲಿ ಜಾಗವನ್ನೇ ಕಾಲಿನಿಂದ ತಟ್ಟುತ್ತ ನಿಂತಳು. ಇವತ್ತು ಇಳಿಸಿದರೆ ಇವಳು ಮತ್ತೆ ಚಪ್ಪಲಿ ಕಾಯುವವಳೇ ಅನ್ನಿಸಿತು.

"ನಾನ ನಿಂದ್ರತೇನ್ರಿ ವೈನಿ."

"ನೀನ? ಸವದತ್ತಿ ಬಸ್ಸಿನ್ಯಾಗ ಕಿಡಕಿ ಸಿಗಲಿಲ್ಲಂದ್ರ ವಾಂತಿ ಮಾಡ್ಕೊಳ್ಳಾಕಿ ನೀನ."

ಮಾತು ಸುಳ್ಳಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಸೆರಗು ಸಿಕ್ಕಿಸಿ ಹತ್ತಿದೆ.

ಆಮೇಲಿನದು ಹೇಳಲು ನಾಚಿಕೆ. ಮೂರು ಸಲ ಜೀಕುವುದರೊಳಗೆ ಹಿತ್ತಲು, ಹಂಚು, ವೈನಿ ಎಲ್ಲ ತಲೆಕೆಳಗಾದವು. "ಸಾಕವ್ವಾ" ಅಂತ ಚೀರಿದೆ. ಕೆಳಗಿನಿಂದ ಅವರೂ ಶುರುಮಾಡಿದರು. ಗೌರಿಯ ಮುಖ ನನ್ನ ಮುಖದಿಂದ ಗೇಣಿನಷ್ಟು ದೂರದಲ್ಲಿತ್ತು. ಆಗ ನೋಡಿದೆ: ಒಂದೊಂದು ಕೂಗಿಗೂ ಅವಳ ಕಣ್ಣು ಬಿಗಿಯಾಗುತ್ತಿತ್ತು, ಹಿಂದೆಯೇ ಮೊಣಕಾಲು ಬಗ್ಗುತ್ತಿತ್ತು. ಅವಳು ಹಟ ಮಾಡುತ್ತಿರಲಿಲ್ಲ. ಎರಡೂ ಕೈ ಹಗ್ಗದಲ್ಲಿದ್ದವು, ಕಿವಿ ಮುಚ್ಚಿಕೊಳ್ಳುವುದು ಹೇಗೆ? ನಮ್ಮ ಗದ್ದಲದಿಂದ ತಪ್ಪಿಸಿಕೊಳ್ಳಲು ಮೇಲೆ ಮೇಲೆ ಹೋಗುತ್ತಿದ್ದಳು. ಡಾಕ್ಟರು ಹೇಳಿದ್ದು ಬೇವಿನ ಎಲೆಗಳ ನಡುವೆ ನನ್ನ ತಲೆಗೆ ಹೋಯಿತು.

"ಎಲ್ಲಾರೂ ಬಾಯಿ ಮುಚ್ಚರಿ" ಅಂತ ಮೇಲಿನಿಂದ ಒದರಿದೆ. ಅದಕ್ಕೂ ಒಂದು ಜೀಕು ಬಿತ್ತು. ನಾನೂ ಬಾಯಿ ಮುಚ್ಚಿದೆ. ವೈನಿ ಜಾಣೆ, ಕೆಳಗೆ ಎಲ್ಲರನ್ನೂ ಕೈಸನ್ನೆಯಿಂದ ಸುಮ್ಮನಾಗಿಸಿದರು. ಹಗ್ಗ ಕಿರುಗುಟ್ಟುವುದೊಂದೇ ಕೇಳಿಸಿತು. ರಸ್ತೆ ದಾಟುವಾಗ ನಿಲ್ಲು ಅನ್ನಲು ಒತ್ತುವ ಹಾಗೆ ಗೌರಿಯ ಕೈ ಮೇಲೆ ಕೈಯಿಟ್ಟು ಒತ್ತಿದೆ. ಆ ಒಂದು ಒತ್ತು ಅವಳಿಗೆ ಪರಿಚಯದ್ದು. ಅವಳ ಮೊಣಕಾಲು ಸಡಿಲವಾಯಿತು. ಜೋಕಾಲಿ ತನ್ನಷ್ಟಕ್ಕೆ ಇಳಿಯುತ್ತ ಬಂತು. ಅವಳೇನು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ನನ್ನ ಹೆಗಲಾಚೆ ಎಲೆ ನೋಡುತ್ತಿದ್ದಳು. ಆದರೆ ನಗುತ್ತಿದ್ದಳು. ನಾನು ಇಳಿದು ವಾಂತಿ ಮಾಡಿಕೊಂಡೆ.

ವೈನಿ ನನ್ನ ಬೆನ್ನು ಸವರುತ್ತ, ತೀರ ಮೆಲ್ಲಗೆ ಕೇಳಿದರು. "ಇಷ್ಟ ಹೊತ್ತು ನಾವ ಒದರಿ ಒದರಿ ಆಕಿನ್ನ ಮ್ಯಾಲ ಕಳಸ್ತಿದ್ವಿ ಏನವಾ?"

ಹಿಂದೆ ನಿಂತಿದ್ದ ಸವಿತಾ ಕೆಂಪಗಿದ್ದ ಕೈ ಚಾಚಿದಳು. "ಹೆಂಗ ಒತ್ತಬೇಕ ತೋರಸ್ರಿ ಅತ್ತಿ."

ಅಂದಿನಿಂದ ನಮ್ಮ ತವರಿನ ಹಿತ್ತಲಲ್ಲಿ ಗೌರಿ ಆಡುವಾಗ ಪಂಚಮಿ ಹಾಡನ್ನೂ ಗುನುಗುತ್ತಾರೆ, ಅಷ್ಟೆ. ಹೋದ ವರ್ಷ ಸುದ್ದಿ ಕೇಳಿ ಸುರೇಬಾನದಿಂದ ಒಬ್ಬ ತಾಯಿ ಇಂಥದೇ ಮಗಳನ್ನು ಕರೆತಂದಿದ್ದಳು. ಮಗಳು ಕಿವಿಯಿಂದ ಕೈ ತೆಗೆದು ಉಂಡಿ ತಿನ್ನುವುದನ್ನು ನೋಡುತ್ತ ಆ ತಾಯಿ ತನ್ನ ಪಾಲಿನದನ್ನು ತಿನ್ನುವುದನ್ನೇ ಮರೆತಿದ್ದಳು.

ಹಗ್ಗ ತಂದ ಸಂಜೆ ಸವಿತಾಳ ಫೋನ್ ಬಂತು. ಅವಳನ್ನೀಗ ಕಿತ್ತೂರಿಗೆ ಕೊಟ್ಟಿದೆ. ನೆಗೆಣ್ಣಿಯನ್ನೂ, ಅಂದರೆ ಮೈದುನನ ಹೆಂಡತಿಯನ್ನೂ, ಕರೆದುಕೊಂಡು ಹಬ್ಬಕ್ಕೆ ಬರುವ ವಿಷಯ, ಅತ್ತೆಮನೆಯ ವಿಷಯ ಎಲ್ಲ ಆಯಿತು.

"ಅತ್ತಿ, ಈ ಸಲ ಗೌರಿ ಜೋಡಿ ಮೊದಲ ನಾನ ನಿಂದ್ರಾಕಿ. ಆಮ್ಯಾಲ ನಮ್ಮ ನೆಗೆಣ್ಣಿ. ಹೆಂಗ ಒತ್ತಬೇಕಂತ ಆಕಿಗೂ ಹೇಳೇನಿ."

"ಮತ್ತ ನಾನು?"

"ನೀವು ನಮ್ಮ ಹಿಂದ."

"ಆಕಿ ತಾಯಿ ಅದೇನಿ ನಾನು."

"ತಾಯಿ ಆದ್ರೇನಾತ್ರಿ. ಸರತಿ ಅಂದ್ರ ಸರತಿ."

ಫೋನಿಟ್ಟೆ. ಸಿಟ್ಟು ಮಾಡಿಕೊಳ್ಳಬೇಕೆಂದು ನೋಡಿದೆ, ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ನನ್ನ ಮಗಳ ಎದುರು ನಿಲ್ಲಲು ನಾನು ಸರತಿ ಕಾಯಬೇಕಂತೆ. ಕಾಯುತ್ತೇನೆ.