ನೆಗೆಣ್ಣಿಯ ಸಿಂಕಿನ ಮೋಟರು

ಜಮಖಂಡಿಯ ನಮ್ಮ ಹಳೇ ಮನೆಯನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದಾರೆ. ಈಚೆ ನಾವು, ಆಚೆ ಮೈದುನ ಮತ್ತು ನನ್ನ ನೆಗೆಣ್ಣಿ. ಎರಡೂ ಅಡುಗೆಮನೆ ಹಿಂದೆ, ತಗ್ಗಿನಲ್ಲಿ. ಮುಂದಿನ ರಸ್ತೆಗೆ ಮೇಲಿಂದ ಮೇಲೆ ಕಾಂಕ್ರೀಟು ಬಿದ್ದು ಗಟಾರವೇ ನಮ್ಮ ಸಿಂಕಿಗಿಂತ ಎತ್ತರವಾಗಿದೆ. ಸಿಂಕಿನ ಕೆಳಗೆ ಬಕೀಟು ಇಟ್ಟು, ತುಂಬಿದಾಗೊಮ್ಮೆ ಮುಸುರೆ ನೀರನ್ನು ಪಡಸಾಲೆ ದಾಟಿಸಿ ಚೆಲ್ಲಿ ಬರುವುದು ನಮ್ಮಿಬ್ಬರ ಪಾಡಾಗಿತ್ತು.

ಹೋದ ವರ್ಷ ಆಕೆ ಮೋಟರು ಕೂಡ್ರಿಸಿಕೊಂಡಳು. ಸಿಂಕಿನ ಕೆಳಗೆ ಒಂದು ಬಿಳಿ ಡಬ್ಬಿ. ನೀರು ತುಂಬಿದರೆ ತಾನೇ ಗುರ್ರೆಂದು ಎದ್ದು, ಸಣ್ಣ ಪೈಪಿನಲ್ಲಿ ಗಟಾರಕ್ಕೆ ತಳ್ಳಿ, ತಾನೇ ಸುಮ್ಮನಾಗುತ್ತದೆ. ಮೊದಲೇ ಆಕೆ ರೊಟ್ಟಿ ಬಡಿಯುವವಳಲ್ಲ, ಮಾಡಿ ಮಾರುವವರ ಹತ್ತಿರ ತರಿಸುತ್ತಾಳೆ. ಈಗ ಇದು ಬೇರೆ. ಗೋಡೆಯಾಚೆ ಗುರ್ರೆಂದಾಗಲೆಲ್ಲ ಆಕೆಯ ಒಣ ಕಾಲು, ಒಣ ಸೀರೆಯಂಚು ನನ್ನ ಕಣ್ಣಿಗೆ ಕಟ್ಟುತ್ತಿದ್ದವು.

ನಮಗೂ ಒಂದು ಬೇಕೆಂದರೆ ನಮ್ಮ ಮನೆಯವರು, "ನಾಕ ಹೆಜ್ಜಿ ಹೋಗಿ ಚೆಲ್ಲಿ ಬಂದ್ರ ಏನ ಸವೀತೈತಿ?" ಅಂದರು. ಮಂದಿಯ ವಸ್ತುವಿಗೆ ಆಸೆ ಪಡಬಾರದೆಂದು ಕಾನ್ವೆಂಟಿನ ಸಿಸ್ಟರು ಕಲಿಸಿದ್ದರು. ಆ ಕಾನ್ವೆಂಟಿನ ಅಡುಗೆಮನೆಯ ನೀರು ತಾನಾಗಿಯೇ ಹರಿದು ಹೋಗುತ್ತಿತ್ತು.

ಶ್ರಾವಣದಲ್ಲಿ ಗಂಡ ಹೆಂಡತಿ ಇಬ್ಬರೂ ಬೀಳಗಿಗೆ, ಆಕೆಯ ತವರಿಗೆ ಹೊರಟರು. "ಮಲ್ಲಿಗಿ ಬಳ್ಳಿಗೆ ಒಂದೀಟ ನೀರ ಹಾಕ್ರಿ ಅಕ್ಕಾರ" ಎಂದು ಕೀಲಿಕೈ ನನಗೆ ಕೊಟ್ಟಳು. ಎರಡನೇ ದಿನ ಬಳ್ಳಿಗೆ ನೀರು ಹಾಕಿದ ಮೇಲೆ ಸುಮ್ಮನೆ ಬರಲಾಗಲಿಲ್ಲ. ರೊಟ್ಟಿ ಬಡಿದು, ಹಿಟ್ಟು ನಾದಿದ ಪರಾತ ತೊಳೆದ ನೀರು ನಮ್ಮ ಬಕೀಟಿನಲ್ಲಿತ್ತು. ಹೊತ್ತೊಯ್ದು ಆಕೆಯ ಸಿಂಕಿಗೆ ಸುರಿದೆ. ಗುರ್ರೆಂದಿತು. ಎಂಥ ಸುಖ! ಮರುದಿನವೂ ಸುರಿದೆ. ಅದರ ಮರುದಿನ ಮೋಟರು ಒಮ್ಮೆ ನರಳಿ ನಿಂತೇಬಿಟ್ಟಿತು. ಸಿಂಕಿನಲ್ಲಿ ನಿಂತ ಬೆಳ್ಳನೆಯ ನೀರನ್ನು ತಂಬಿಗೆಯಿಂದ ಮೊಗೆದು, ಒರೆಸಿ, ಕೀಲಿ ಹಾಕಿ ಬಂದೆ. ಯಾರಿಗೂ ಹೇಳಲಿಲ್ಲ.

ಆಕೆ ಬಂದಮೇಲೆ ರಿಪೇರಿಯವನು ಡಬ್ಬಿ ಬಿಚ್ಚಿದ. ನಾನೂ ಬಾಗಿಲಲ್ಲಿ ನಿಂತಿದ್ದೆ. ಒಳಗೆ ಜೋಳದ ಹಿಟ್ಟು ಗಟ್ಟಿಯಾಗಿ ಕೂತಿತ್ತು.

"ಇದರಾಗ ಹಿಟ್ಟ ಸುರವಬ್ಯಾಡ್ರಿ ಅಂತ ಹೇಳಿದ್ನೆಲ್ರಿ, ಬಾಯಾರ."

ಆಕೆ ನನ್ನ ಕಡೆ ತಿರುಗಲೂ ಇಲ್ಲ. "ಹೌದಪಾ, ಮರತ ಬಿಟ್ಟಿದ್ನಿ" ಅಂದಳು.

ಅವನು ಹೋದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. "ನಾನ ಸುರವಿದ್ದು, ತಂಗಿ."

"ಗೊತ್ತೈತ್ರಿ. ನಮ್ಮನ್ಯಾಗ ಜ್ವಾಳದ ಹಿಟ್ಟರ ಎಲ್ಲೈತಿ?" ಎಂದು ನಕ್ಕಳು. "ನಡುವಿನ ಗ್ವಾಡಿಗೆ ಒಂದ ತೂತ ಹೊಡಸೂಣ್ರಿ ಅಕ್ಕಾರ, ನಿಮ್ಮ ಪೈಪೂ ಇದಕ್ಕ ಕೂಡಲಿ. ಹಿಟ್ಟಿನ ನೀರಷ್ಟ ಹೊರಗ ಚೆಲ್ರಿ."

ವಿಚಾರ ಮಾಡಿ ಹೇಳುತ್ತೇನೆ ಅಂದೆ. ಇನ್ನೂ ಹೇಳಿಲ್ಲ. ಬಕೀಟು ಹಿಡಿದು ಗಟಾರಕ್ಕೆ ಹೋದಾಗ ಆಕೆ ಕಟ್ಟೆಯ ಮೇಲೆ ಮಲ್ಲಿಗೆ ಕಟ್ಟುತ್ತ ಕೂತಿರುತ್ತಾಳೆ. "ಯಾವಾಗ್ರಿ ಅಕ್ಕಾರ?" ಎಂದು ನಗುತ್ತಾಳೆ. ಆ ನಗುವಾದರೂ ನನಗೆ ಬಂದಿದ್ದರೆ, ಎಂದುಕೊಂಡು ನೀರು ಚೆಲ್ಲುತ್ತೇನೆ. ಕಾಲ ಮೇಲೆ ಸಿಡಿಯುತ್ತದೆ.