ಗದ್ದೆಯಲ್ಲಿ ತೂಗುತ್ತಿದ್ದ ನನ್ನ ಮದುವೆ

ಇವತ್ತು ಬುಕ್ಕಸಾಗರದ ತವರಿಗೆ ಹೋದರೆ, ಗದ್ದೆಯಲ್ಲಿ ಹಕ್ಕಿ ಬೆದರಿಸಲು ನನ್ನ ತಮ್ಮ ಎರಡು ಸಿಡಿ ಕಟ್ಟಿದ್ದಾನೆ. ಅದರಲ್ಲೊಂದು, ತೊಂಬತ್ತೊಂಬತ್ತರಲ್ಲಿ ನಡೆದ ನನ್ನ ಮದುವೆಯ ವಿಡಿಯೋದು, ಗೆಳೆಯರೇ!

“ಏನಲೇ ಇದು?”

“ನಿಂದಂತ ಮುಂದ ಕಟ್ಟೀನಕ್ಕಾ.”

ಎರಡನ್ನೂ ಬಿಚ್ಚಿ, ಒರೆಸಿ, ಮನೆಯ ಪ್ಲೇಯರಿಗೆ ಹಾಕಿದೆವು. ಅಂಗಡಿಯಲ್ಲಿ ಕೊಂಡಿದ್ದ ಹಾಡಿನ ಸಿಡಿ ಹಾಡಿತು. ನನ್ನದು ಸುಮ್ಮನೆ ತಿರುಗಿತು. ಎರಡಕ್ಕೂ ಒಂದೇ ಬಿಸಿಲು, ಹೀಗೇಕೆ?

ಹಿಂದೆ ಹೊಸಪೇಟೆಯಲ್ಲಿ ಸಿಡಿ ಅಂಗಡಿ ಇಟ್ಟಿದ್ದ ತಮ್ಮ ಅವನ್ನು ಮಗುಚಿ ತೋರಿಸಿದ. “ಬೆಳ್ಳಗಿರೋದು ಫ್ಯಾಕ್ಟ್ರ್ಯಾಗ ಅಚ್ಚು ಒತ್ತಿದ್ದು. ಹಸರಂದು ಸ್ಟುಡಿಯೋದವ್ರು ಬಣ್ಣದ ಪದರದ ಮ್ಯಾಲ ಲೇಸರ್‌ಲೆ ಬರದಿದ್ದು. ಬಿಸಲಿಗೆ ಆ ಬಣ್ಣ ಸತ್ತೈತಿ.”

“ಗೊತ್ತಿದ್ದೂ ಕಟ್ಟಿದೇನಲೇ?”

“ಮಿಂಚೋದು ಎರಡೂ ಮಿಂಚ್ತಾವಲ್ಲಕ್ಕಾ!”

ಮತ್ತೆ ಕಟ್ಟಿದೆವು. ಗುಬ್ಬಿಗಳು ಹಾಡಿನ ಸಿಡಿಗೆ ಹೆದರಿ ಹಾರಿ ಬಂದು, ನನ್ನ ಸಿಡಿಯ ಕೆಳಗೇ ಕೂತು ಭತ್ತ ತಿಂದವು. ಮದುವೆ ಅಳಿಸಿಹೋಗಿದೆ, ಊಟ ಮಾತ್ರ ಇನ್ನೂ ನಡೆದಿದೆ.