ನಡುಮನೆಯಲ್ಲಿ ಕಟ್ಟಿದ ರೈಲು ಎಂಜಿನ್ನು

ಚಳ್ಳಕೆರೆಗೆ ಆಗಿನ್ನೂ ರೈಲು ಬಂದಿರಲಿಲ್ಲ. ಅಪ್ಪನ ಕಂಬಳಿ ವ್ಯಾಪಾರದ ಮಾಲು ಎತ್ತಿನ ಗಾಡಿಯಲ್ಲಿ ಮೊಳಕಾಲ್ಮೂರು ದಾಟಿ ರಾಯದುರ್ಗದ ಸ್ಟೇಷನ್ನಿಗೆ ಹೋಗಬೇಕಿತ್ತು. ಮದುವೆಯಾದ ಹೊಸದರಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಹೆಂಡತಿಯ ತವರು ಮೊಳಕಾಲ್ಮೂರು, ರೇಷ್ಮೆ ನೂಲಿಗೆ ಬಣ್ಣ ಹಾಕಿ ಸೀರೆ ನೇಯುವ ಮನೆ. ಹೋಗುವಾಗ ಬರುವಾಗ ಅಲ್ಲೇ ಊಟ, ಅಲ್ಲೇ ನಿದ್ದೆ. ಹೀಗಾಗಿ ಆ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ.

ಹಳಿ ರಾಯದುರ್ಗದಲ್ಲಿ ಮುಗಿಯುತ್ತಿತ್ತು. ಬಳ್ಳಾರಿ ಕಡೆಯಿಂದ ಬಂದ ಎಂಜಿನ್ನು ನೀರು ಕುಡಿದು ಮಧ್ಯಾಹ್ನವಿಡೀ ಅಲ್ಲೇ ನಿಂತಿರುತ್ತಿತ್ತು. ಮೂಟೆ ಇಳಿಸಿಕೊಟ್ಟ ಮೇಲೆ ನನಗೂ ಬೇರೆ ಕೆಲಸವಿಲ್ಲ. ನೋಡುತ್ತ ನೋಡುತ್ತ ಒಂದು ದಿನ ಅನ್ನಿಸಿಬಿಟ್ಟಿತು: ಇದನ್ನು ಚಿಕ್ಕದಾಗಿ, ಒಂದು ಮೊಳೆಯನ್ನೂ ಬಿಡದೆ, ನಾನೇ ಕಟ್ಟಬೇಕು.

ಮುಂದಿನ ಸಲ ನೂಲಿನ ಉಂಡೆ ತೆಗೆದುಕೊಂಡು ಹೋದೆ. ಚಕ್ರಕ್ಕೆ ನೂಲು ಹಿಡಿದು ಗಂಟು ಹಾಕಿಕೊಳ್ಳುತ್ತಿದ್ದಾಗ ಮೇಲಿನಿಂದ ಡ್ರೈವರು ಗದರಿದ. ಗುಂತಕಲ್ಲಿನ ಕಡೆಯ, ದಪ್ಪ ಮೀಸೆಯ ತೆಲುಗು ಮನುಷ್ಯ.

"ಏಮಯ್ಯಾ, ಎಂಜಿನ್ನಿಗೆ ಅಂಗಿ ಹೊಲಿಸ್ತೀಯಾ?"

"ಇಲ್ಲ ರೀ, ಇಂಥದ್ದೇ ಒಂದು ಸಣ್ಣದು ಮಾಡ್ತೀನಿ. ಅದಕ್ಕೆ ಅಳತೆ ಬೇಕು."

ಅವನು ಕೆಳಗೆ ಬಗ್ಗಿದ. "ಹಂಗಾದ್ರೆ ಚಕ್ರ ಒಂದೇ ಸಾಲ್ದು. ಪೈಕಿ ರಾ," ಎಂದು ಕೈ ಕೊಟ್ಟು ಮೇಲಕ್ಕೆ ಎಳೆದುಕೊಂಡ. ಆವತ್ತು ಒಲೆಯ ಬಾಗಿಲಿನಿಂದ ಹಿಡಿದು ಸಿಳ್ಳೆಯ ಸರಪಳಿಯವರೆಗೆ ಎಲ್ಲವನ್ನೂ ಅಳೆದೆ. ವಾಪಸು ಬರುವಾಗ ನನ್ನ ಜೇಬುಗಳ ತುಂಬ ಗಂಟು ಹಾಕಿದ ನೂಲು.

ಒಂದಡಿಗೆ ಅರ್ಧ ಅಂಗುಲ ಎಂದು ಇಟ್ಟುಕೊಂಡು ನಡುಮನೆಯಲ್ಲಿ ಕೂತೆ. ಒಡೆದ ಹಂಡೆಯ ತಗಡನ್ನು ಬಡಿದು ಬಗ್ಗಿಸಿದಾಗ ಬಾಯ್ಲರಾಯಿತು. ಹುಣಸೆ ಮರದಲ್ಲಿ ಚಕ್ರ ಕಡೆದು, ಅರದಿಂದ ಒಂದೊಂದೇ ಕಡ್ಡಿ ಬಿಡಿಸಿದೆ. ಚಕ್ರಗಳನ್ನು ಕೂಡಿಸುವ ಉದ್ದನೆಯ ಸಲಾಕೆಗಳಿಗೆ ಹಳೆಯ ಕೊಡೆಯ ಕಡ್ಡಿಗಳು ಸರಿಹೋದವು. ಒಂದು ಚಕ್ರ ಉರುಳಿಸಿದರೆ ಉಳಿದವೂ ಉರುಳಿ, ಸಲಾಕೆ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಅದನ್ನು ಮೊದಲ ಸಲ ನೋಡಿದ ದಿನ ನಾನು ಊಟ ಮರೆತೆ.

ಅಪ್ಪ ಕೇಳಿದರು, "ಇದು ಕಂಬಳಿ ಮೂಟೆ ಎಳೀತೈತೇನೋ?"

"ಇಲ್ಲಪ್ಪ."

"ಮತ್ತೆ ಯಾತಕ್ಕಲೇ ಇದು?"

ನಾನು ತಲೆ ತಗ್ಗಿಸಿ ಅರ ಆಡಿಸುತ್ತಲೇ ಇದ್ದೆ. ಆದರೆ ಮುಂದಿನ ಸಂತೆಯಿಂದ ಬರುವಾಗ ಅಪ್ಪ ಒಂದು ಮುರಿದ ಹಿತ್ತಾಳೆ ದೀಪ ತಂದು ನನ್ನ ಪಕ್ಕದಲ್ಲಿಟ್ಟು, "ಎಲ್ಲಾದ್ರೂ ಆಗ್ತೈತೇನು ನೋಡು," ಎಂದು ಒಳಗೆ ಹೋದರು. ಅದರ ಕಂಠವೇ ಎಂಜಿನ್ನಿನ ಹೊಗೆಕೊಳವೆಯಾಯಿತು.

ಕಷ್ಟವಾದದ್ದು ರಿವೆಟ್ಟುಗಳು. ನಿಜವಾದ ಎಂಜಿನ್ನಿನ ಮೈತುಂಬ ಆ ಗುಂಡು ತಲೆಗಳು ಸಾಲುಸಾಲಾಗಿ ಇರುತ್ತವೆ. ಯೋಚಿಸಿ ಯೋಚಿಸಿ, ಒಂದೇ ಗಾತ್ರದ ರಾಗಿ ಕಾಳು ಆರಿಸಿ ಜಾಲಿ ಅಂಟಿನಿಂದ ಕೂರಿಸಿದೆ. ನೋಡಲು ಏನು ಚಂದ! ಒಣಗಲೆಂದು ಅಂಗಳದ ಬಿಸಿಲಿಗಿಟ್ಟು ಕೈ ತೊಳೆಯಲು ಹೋದೆ.

"ಲೇ, ಬಾರೋ! ಕೋಳಿ ನಿನ್ನ ರೈಲು ತಿಂತೈತೆ!" ಅವ್ವನ ಕೂಗು.

ಓಡಿ ಬರುವಷ್ಟರಲ್ಲಿ ಪಕ್ಕದ ಮನೆಯ ಕೋಳಿ ಒಂದು ಮಗ್ಗುಲನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ತಿರುಗಿತ್ತು. ಅವ್ವ ಕೋಳಿ ಓಡಿಸುವುದನ್ನು ಬಿಟ್ಟು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ಕಡೆಗೆ ಹಿತ್ತಾಳೆ ತಂತಿಯ ತುಂಡುಗಳಿಗೆ ತಲೆ ಬಡಿದು, ತೂತು ಕೊರೆದು, ಒಂದೊಂದಾಗಿ ಹೊಡೆದೆ. ಒಂದು ಬೇಸಿಗೆ ಅದರಲ್ಲೇ ಕಳೆಯಿತು.

ಇನ್ನು ಬಣ್ಣ. ದೀಪದ ಮಸಿಯನ್ನು ಅಗಸೆ ಎಣ್ಣೆಯಲ್ಲಿ ಅರೆಯುತ್ತಿದ್ದೆ. ಹೆಂಡತಿ ಬಂದು ನಿಂತಳು. ತವರಿಗೆ ಹೋದಾಗ ಅವಳೂ ಒಮ್ಮೆ ರಾಯದುರ್ಗಕ್ಕೆ ಹೋಗಿ ಎಂಜಿನ್ನು ನೋಡಿದ್ದಳು.

"ಕರಿ ಯಾಕೆ ಹಚ್ತೀರಿ? ಅದು ಹಸಿರು ಐತೆ."

"ನಾನು ಅದನ್ನ ಎಷ್ಟು ಸಲ ನೋಡೀನಿ ಗೊತ್ತೇನು? ಕಾಗೆಯಂಗೆ ಕಪ್ಪು."

"ಅದು ಮೇಲೆ ಕೂತ ಮಸಿ. ಬಣ್ಣ ಹಾಕೋರ ಮನೇಲಿ ಹುಟ್ಟೀನಿ, ನನಗೆ ಹೇಳ್ಬ್ಯಾಡ್ರಿ."

ಕಪ್ಪನ್ನೇ ಬಳಿದೆ. ಅವಳು ವಾದ ಮಾಡಲಿಲ್ಲ. ಮುಂದಿನ ಮಾಲು ಹೊರಟಾಗ ತವರಿಗೆಂದು ಗಾಡಿ ಹತ್ತಿದವಳು ಮೊಳಕಾಲ್ಮೂರಿನಲ್ಲಿ ಇಳಿಯಲೇ ಇಲ್ಲ. "ರಾಯದುರ್ಗ ನೋಡ್ಕೊಂಡು ಬರ್ತೀನಿ," ಎಂದಳು. ಕಪ್ಪು ಎಂಜಿನ್ನೂ ಕಂಬಳಿಯಲ್ಲಿ ಸುತ್ತಿಕೊಂಡು ನಮ್ಮ ಜೊತೆಗೇ ಬಂತು. ಡ್ರೈವರಿಗೆ ತೋರಿಸುವ ಆಸೆ ನನಗೆ.

ಸ್ಟೇಷನ್ನಿನಲ್ಲಿ ಅವಳು ನೆಟ್ಟಗೆ ಎಂಜಿನ್ನಿನ ಹತ್ತಿರ ನಡೆದು, ಚಿಂದಿ ಬಟ್ಟೆಗೆ ಎಣ್ಣೆ ಮುಟ್ಟಿಸಿ, ಅದರ ನೀರಿನ ತೊಟ್ಟಿಯ ಮಗ್ಗುಲನ್ನು ತಿಕ್ಕಿದಳು. ಮೊದಲು ಕಪ್ಪು ಬಂತು, ಆಮೇಲೆ ಕಂದು. ಅದರ ಕೆಳಗೆ ಬಲಿತ ಬೇವಿನೆಲೆಯ ಹಸಿರು ಹೊಳೆಯಿತು. ಅಂಚಿಗೆ ದಾರದಷ್ಟು ಸಣ್ಣ ಕೆಂಪು ಗೆರೆ ಬೇರೆ.

ಅವಳು ತಿರುಗಿ ನನ್ನನ್ನು ನೋಡಿದಳು, ಅಷ್ಟೆ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ನಮ್ಮ ಕಪ್ಪು-ಹಸಿರಿನ ಜಗಳ ಕೇಳಿ ಡ್ರೈವರು ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ನಾನು ಕಂಬಳಿ ಬಿಚ್ಚಿದೆ. ಅವನ ನಗು ನಿಂತಿತು. ನೆಲದ ಮೇಲೆ ಮೊಣಕಾಲೂರಿ, ಕಣ್ಣನ್ನು ಅದರ ಮಟ್ಟಕ್ಕೆ ತಂದು, ಚಕ್ರವನ್ನು ಒಂದು ಬೆರಳಿನಿಂದ ಮೆಲ್ಲಗೆ ಉರುಳಿಸಿದ. ಒಲೆಯ ಬಾಗಿಲು ತೆಗೆದು ಮುಚ್ಚಿದ. "ಅಬ್ಬಾ! ಇದೊಂದನ್ನ ಓಡಿಸೋಕೆ ನಾನು ಇಷ್ಟೇ ಉದ್ದ ಆಗ್ಬೇಕಲ್ಲಯ್ಯಾ," ಎಂದು ಹೆಬ್ಬೆರಳು ತೋರಿಸಿದ. ಹೆಂಡತಿಯ ಕಡೆ ತಿರುಗಿ, "ಏನಮ್ಮಾ, ಗೆದ್ದೋಳು ನೀನು. ಏನು ಬೇಕು ಕೇಳು," ಎಂದ.

"ಸಿಳ್ಳೆ ಹೊಡೀಬೇಕು," ಎಂದಳು, ಮೊದಲೇ ಯೋಚಿಸಿಟ್ಟುಕೊಂಡಿದ್ದವಳಂತೆ.

ಮೇಲೆ ಹತ್ತಿ ಎರಡೂ ಕೈಯಿಂದ ಸರಪಳಿ ಜಗ್ಗಿದಳು. ಬಿಡಲೇ ಇಲ್ಲ. ರಾಯದುರ್ಗದ ಬೆಟ್ಟವೇ ಸಿಳ್ಳೆ ಹೊಡೆದಂತಾಯಿತು. ಹೊರಗೆ ಕಟ್ಟಿದ್ದ ನಮ್ಮ ಎತ್ತುಗಳು ಹಗ್ಗ ಹರಿದುಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು, ಮೊಳಕಾಲ್ಮೂರಿನ ದಾರಿ ಹಿಡಿದವು. ನಾನು ಎಂಜಿನ್ನನ್ನು ಕಂಕುಳಲ್ಲಿ ಅವುಚಿಕೊಂಡು ಓಡಿದೆ. ಹಿಂದೆ ಅವಳು ಸೆರಗು ಸಿಕ್ಕಿಸಿ ಓಡಿ ಬಂದಳು, ನಗುತ್ತಲೇ. ಕುರಿ ಕಾಯುವವರು ಅಡ್ಡಗಟ್ಟಿದ್ದರಿಂದ ಎತ್ತು ಸಿಕ್ಕವು.

ಊರಿಗೆ ಬಂದ ಮೇಲೆ ನೀಲಿಗೆ ಹಳದಿ ಹರಿದಳದ ಪುಡಿ ಬೆರೆಸಿ ಆ ಹಸಿರನ್ನು ಕೂಡಿಸಿದವಳು ಅವಳೇ. ಅಳಿಲಿನ ಬಾಲದ ಕೂದಲಿನ ಕುಂಚದಲ್ಲಿ ಕೆಂಪು ಗೆರೆ ಎಳೆದವಳೂ ಅವಳೇ. ನಾನು ಉಸಿರು ಬಿಗಿಹಿಡಿದು ದೀಪ ಹಿಡಿದಿದ್ದೆ. ಗೆರೆ ಎಲ್ಲೂ ಅಲುಗಲಿಲ್ಲ.